ಹವಳದ ಸರ, ಕಾಡಿಗೆ ಬೊಟ್ಟು

ಮದ್ದೂರು ತಾಲ್ಲೂಕಿನ ನಿಡಘಟ್ಟದ ಬಸ್ ಸ್ಟಾಪಿನಲ್ಲಿ ಒಂದು ಬೆಳಿಗ್ಗೆ ನಿಂತಿದ್ದೆ. ಪಕ್ಕದಲ್ಲಿ ಬಾಣಂತನ ಮುಗಿಸಿ ಗಂಡನ ಮನೆಗೆ ಹೊರಟ ಹುಡುಗಿ, ತೋಳಲ್ಲಿ ಐದಾರು ತಿಂಗಳ ಕೂಸು. ಕಳಿಸಲು ಬಂದಿದ್ದ ಕೂಸಿನ ಅಜ್ಜಿ, ಮೈಸೂರು ಬಸ್ಸು ಕಾಣುತ್ತಲೇ ಮಗಳ ಕಣ್ಣಂಚಿನ ಕಾಡಿಗೆಯನ್ನು ಬೆರಳಿಗೆ ತೆಗೆದುಕೊಂಡು ಕೂಸಿನ ಅಂಗಾಲಿಗೆ ಒತ್ತಿದರು. ಕೆನ್ನೆಯ ಮೇಲೆ ಆಗಲೇ ಒಂದು ಬೊಟ್ಟಿತ್ತು, ಕೈಯಲ್ಲಿ ಬಜೆ ಸರವಿತ್ತು. “ಇನ್ನೊಂದ್ಯಾಕಜ್ಜಿ?” ಅಂದೆ. “ದಾರಿ ಉದ್ದಕ್ಕೂ ಕಣ್ಣೇ ಕಣಪ್ಪ” ಅಂದರು.

ನನಗೆ ನೆನಪಾದದ್ದು ಇಟಲಿಯ ಒಂದು ಚಿತ್ರ. 15ನೇ ಶತಮಾನದಲ್ಲಿ ಪಿಯೆರೊ ಡೆಲ್ಲಾ ಫ್ರಾಂಚೆಸ್ಕಾ ಬರೆದ ‘ಸೆನಿಗಾಲ್ಯದ ಮಡೋನಾ’. ಎರಡಡಿ ಎತ್ತರದ ಹಲಗೆಯ ಮೇಲೆ ಮೇರಿಯಮ್ಮ, ತೋಳಲ್ಲಿ ಬಾಲಯೇಸು. ಬಲಗೈ ಎತ್ತಿ ಹರಸುತ್ತಿದ್ದಾನೆ. ಎಡಗೈಯಲ್ಲಿ ಬಿಳಿ ಗುಲಾಬಿ. ಅದು ತಾಯಿಯ ನಿರ್ಮಲತೆಯ ಗುರುತು. ಹಿಂದಿನ ಕಿಟಕಿಯ ಗಾಜಿಗೆ ನೋವಾಗದಂತೆ ಒಳಬಂದ ಬಿಸಿಲೂ ಅದನ್ನೇ ಹೇಳುತ್ತದೆ. ಇನ್ನು ಕೂಸಿನ ಕೊರಳು ನೋಡಿ: ಕೆಂಪು ಹವಳದ ಸರ, ಅದರಲ್ಲಿ ಇಳಿಬಿದ್ದ ಹವಳದ ಒಂದು ಕವಲು.

ಆ ಕೆಂಪು, ಮುಂದೆ ಶಿಲುಬೆಯ ಮೇಲೆ ಹರಿಯಲಿರುವ ರಕ್ತದ ಸೂಚನೆ ಎನ್ನುತ್ತಾರೆ ಪಂಡಿತರು. ಸರಿಯೇ. ಆದರೆ ಆ ಕಾಲದ ಇಟಲಿಯ ತಾಯಂದಿರು ಮಕ್ಕಳ ಕೊರಳಿಗೆ ಹವಳ ಕಟ್ಟುತ್ತಿದ್ದದ್ದು ದೃಷ್ಟಿ ತಾಗದಿರಲೆಂದು. ಲೋಕ ಕಾಯುವವನೆಂದು ನಂಬಿದ ಕೂಸಿಗೂ ಚಿತ್ರಕಾರ ತನ್ನೂರಿನ ತಾಯತವನ್ನೇ ಕಟ್ಟಿದ.

ಗೋಕುಲದಲ್ಲಿ ನಡೆದದ್ದೂ ಇದೇ. ಪೂತನಿಯ ಪ್ರಾಣ ಹೀರಿದ ಕೃಷ್ಣನನ್ನು ಎತ್ತಿಕೊಂಡ ಯಶೋದೆ ಮತ್ತು ಗೋಪಿಯರು ಹಸುವಿನ ಬಾಲದಿಂದ ನಿವಾಳಿಸಿದರು, ಗೋಧೂಳಿ ಹಚ್ಚಿದರು ಎನ್ನುತ್ತದೆ ಭಾಗವತ. ರಕ್ಕಸಿಯನ್ನೇ ಕೊಂದವನಿಗೆ ದೃಷ್ಟಿ ತೆಗೆಯುವುದೇ! ಅಮ್ಮನ ಲೆಕ್ಕಕ್ಕೆ ಅವನಿನ್ನೂ ಹಾಲು ಕುಡಿಯುವ ಕೂಸು.

ಪಿಯೆರೊನ ಆ ಚಿತ್ರ 1975ರಲ್ಲಿ ಉರ್ಬಿನೋದ ಅರಮನೆಯಿಂದ ಕಳುವಾಗಿತ್ತು. ಮರುವರ್ಷ ಸ್ವಿಟ್ಜರ್ಲೆಂಡಿನಲ್ಲಿ ಸಿಕ್ಕಿತು. ನಿಡಘಟ್ಟದ ಅಜ್ಜಿಗೆ ಹೇಳಿದ್ದರೆ, “ಹವಳ ಇತ್ತಲ್ಲಪ್ಪ, ಕಾಯ್ತು ಬುಡು” ಅನ್ನುತ್ತಿದ್ದರೇನೋ.

ಕೂಸಿಗೆ ಜ್ವರ ಬಂದರೆ ಡಾಕ್ಟರ ಬಳಿಗೇ ಹೋಗೋಣ, ಚುಚ್ಚುಮದ್ದು ತಪ್ಪಿಸುವುದು ಬೇಡ. ಆದರೆ ಇವತ್ತು ದಾರಿಯಲ್ಲಿ ಬೊಟ್ಟಿಟ್ಟ ಕೂಸು ಕಂಡರೆ ನಗಬೇಡಿ. ನಮ್ಮ ಅಂಗಾಲಿಗೂ ಒಂದು ಕಾಲಕ್ಕೆ ಯಾರೋ ಆ ಬೊಟ್ಟು ಒತ್ತಿದ್ದರು. ಅವರು ಇನ್ನೂ ಮನೆಯಲ್ಲಿದ್ದರೆ, ಹೊರಡುವ ಮುನ್ನ ಹೇಳಿ ಹೊರಡಿ.