ದೂರವೆಷ್ಟು? ಹೊತ್ತೆಷ್ಟು?



ಶ್ರೀನಗರ ಎಂದೊಡನೆ ನಿಮಗೆ ಕಾಶ್ಮೀರ ನೆನಪಾಗಬಹುದು. ನಾನು ಹೇಳಹೊರಟಿರುವುದು ನಮ್ಮ ಬೆಂಗಳೂರಿನ, ಹನುಮಂತನಗರದ ಪಕ್ಕದ ಶ್ರೀನಗರದ ಮಾತು. ಇಲ್ಲಿಯೂ ಅಕ್ಕಪಕ್ಕದ ಬಡಾವಣೆಗಳಲ್ಲಿಯೂ ಮಕ್ಕಳನ್ನು ಕ್ಯಾಲಿಫೋರ್ನಿಯಾಕ್ಕೆ ಕಳುಹಿಸಿದ ಮನೆಗಳುಂಟು. ಮಗಳು ಶನಿವಾರ ರಾತ್ರಿ ಅಲ್ಲಿ ವಿಮಾನ ಹತ್ತಿ ಸೋಮವಾರ ಬೆಳಗಿನ ಜಾವ ಇಲ್ಲಿ ಇಳಿಯುತ್ತಾಳೆಂದರೆ ಹೆತ್ತವರಿಗೆ ಗಾಬರಿ: “ಅಷ್ಟು ಹೊತ್ತು ಆಕಾಶದಲ್ಲೇ ಇರಬೇಕೇ?” ಇದಕ್ಕೆ ಉತ್ತರ ಹೇಳಬೇಕಾದವರು ಭೂಗೋಳ ಓದುತ್ತಿರುವ ನೀವು.

ನಡೆದ ಸಂಗತಿಯನ್ನೇ ನೋಡೋಣ. 2021ರ ಜನವರಿ 9ರ ಶನಿವಾರ ರಾತ್ರಿ ಸುಮಾರು ಎಂಟೂವರೆಗೆ ಏರ್ ಇಂಡಿಯಾದ ಬೋಯಿಂಗ್ 777 ವಿಮಾನ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟಿತು. ಎಲ್ಲಿಯೂ ನಿಲ್ಲದೆ ಸೋಮವಾರ ಬೆಳಗಿನ ಜಾವ ಬೆಂಗಳೂರಿಗೆ ಬಂದಿಳಿಯಿತು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮತ್ತು ಸಂಗಡಿಗರು, ಅಂದರೆ ಚಾಲಕರೆಲ್ಲರೂ ಮಹಿಳೆಯರೇ, ಅದನ್ನು ಉತ್ತರ ಧ್ರುವದ ಮೇಲಿನಿಂದ ನಡೆಸಿಕೊಂಡು ಬಂದರು.

ಮೊದಲು ಗಡಿಯಾರದ ಲೆಕ್ಕ. ಚಳಿಗಾಲದಲ್ಲಿ ನಮ್ಮ ಗಡಿಯಾರ ಅಲ್ಲಿಯದಕ್ಕಿಂತ ಹದಿಮೂರೂವರೆ ಗಂಟೆ ಮುಂದಿರುತ್ತದೆ. ಅಲ್ಲಿ ಶನಿವಾರ ರಾತ್ರಿ ಎಂಟೂವರೆ ಎಂದರೆ ಇಲ್ಲಿ ಭಾನುವಾರ ಬೆಳಿಗ್ಗೆ ಹತ್ತು. ಅಲ್ಲಿಂದ ಎಣಿಸಿದರೆ ಪ್ರಯಾಣ ಸುಮಾರು 17 ಗಂಟೆ ಮಾತ್ರ!

ಇನ್ನು ದೂರದ ಲೆಕ್ಕ. ಗೋಡೆಯ ನಕ್ಷೆಯನ್ನು ಮರೆತು ಗೋಲವನ್ನು ಕೈಗೆತ್ತಿಕೊಳ್ಳಿ. ಎರಡು ಊರುಗಳ ನಡುವೆ ಒಂದು ದಾರವನ್ನು ಬಿಗಿಯಾಗಿ ಹಿಡಿಯಿರಿ. ಅದು ಪೂರ್ವಕ್ಕೆ ಸಾಗುವ ಬದಲು ಉತ್ತರಕ್ಕೆ ಏರಿ, ಸೈಬೀರಿಯಾದ ಮೇಲೆ ಹಾಯುತ್ತದೆ. ಇದೇ ಅತಿ ಹತ್ತಿರದ ದಾರಿ. ಸುಮಾರು 14,000 ಕಿಲೋಮೀಟರ್. ಹಾಗಾದರೆ ಧ್ರುವದ ದಾರಿ? ಬೆಂಗಳೂರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಧ್ರುವಕ್ಕೆ 77 ಡಿಗ್ರಿ. ಸ್ಯಾನ್ ಫ್ರಾನ್ಸಿಸ್ಕೋ ಸುಮಾರು 38ರಲ್ಲಿದೆ, ಧ್ರುವಕ್ಕೆ 52. ಒಟ್ಟು 129. ಒಂದು ಡಿಗ್ರಿಗೆ 111 ಕಿಲೋಮೀಟರಿನಂತೆ ಗುಣಿಸಿದರೆ ಸುಮಾರು 14,300. ಅಂದರೆ 300 ಕಿಲೋಮೀಟರ್ ಸುತ್ತು.

ಹಾಗಿದ್ದೂ ಆ ದಾರಿಯನ್ನು ಆರಿಸುವುದೇಕೆ? ಗಾಳಿಯ ಕಾರಣದಿಂದ. ಮಧ್ಯ ಅಕ್ಷಾಂಶಗಳಲ್ಲಿ, ಸುಮಾರು ಹತ್ತು ಕಿಲೋಮೀಟರ್ ಎತ್ತರದಲ್ಲಿ ಜೆಟ್ ಪ್ರವಾಹವೆಂಬ ಬಿರುಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ. ಅದರ ವೇಗ ಗಂಟೆಗೆ 200 ಕಿಲೋಮೀಟರ್ ದಾಟುವುದುಂಟು. ವಿಮಾನ 900ರ ವೇಗದಲ್ಲಿ ಹಾರಿದರೂ, 200ರ ಎದುರುಗಾಳಿಯಿದ್ದರೆ ನೆಲದ ಮೇಲೆ ಸಾಗುವುದು 700 ಮಾತ್ರ. ಗಾಳಿ ಬೆನ್ನಿಗಿದ್ದರೆ 1,100! ಆದ್ದರಿಂದಲೇ ಹೋಗುವ ಹೊತ್ತು, ಬರುವ ಹೊತ್ತು ಒಂದೇ ಆಗಿರುವುದಿಲ್ಲ. ಧ್ರುವದ ಕಡೆ ಹೋದರೆ ಎದುರುಗಾಳಿಯ ಕಾಟ ಸಾಮಾನ್ಯವಾಗಿ ಕಡಿಮೆ, ಇಂಧನವೂ ಉಳಿಯುತ್ತದೆ. ಆದರೆ ಅಲ್ಲಿ ಬೇರೆ ಎಚ್ಚರ ಬೇಕು. ವಿಮಾನದ ಇಂಧನ ಮೈನಸ್ 47 ಡಿಗ್ರಿಯ ಸುಮಾರಿಗೆ ಹೆಪ್ಪುಗಟ್ಟಬಹುದು. ಹೊರಗಿನ ಚಳಿ ಅದಕ್ಕಿಂತಲೂ ಹೆಚ್ಚಿರಬಹುದು. ಕಾಂತೀಯ ದಿಕ್ಸೂಚಿಯನ್ನೂ ನಂಬುವಂತಿಲ್ಲ.

“ಭೂಮಿ ತಿರುಗುತ್ತಿದೆಯಲ್ಲ, ವಿಮಾನ ಮೇಲೆ ಸುಮ್ಮನೆ ನಿಂತರೆ ಅಮೆರಿಕವೇ ಕೆಳಗೆ ಬರಬಾರದೇಕೆ?” ಎಂದು ನಿಮ್ಮಲ್ಲಿ ಯಾರಾದರೂ ಕೇಳಬಹುದು. ಬರುವುದಿಲ್ಲ. ಭೂಮಿಯೊಡನೆ ಅದರ ವಾತಾವರಣವೂ, ಅದರಲ್ಲಿರುವ ವಿಮಾನವೂ ತಿರುಗುತ್ತಿರುತ್ತವೆ.

ಇಂದು ಸಂಜೆ ಒಂದು ಕೆಲಸ ಮಾಡಿ. ಗೋಲದ ಮೇಲೆ ಬೆಂಗಳೂರಿನಿಂದ ಲಂಡನ್ನಿಗೆ ದಾರ ಹಿಡಿದು ಅಳೆಯಿರಿ. ಅದೇ ದಾರವನ್ನು ಸಮಭಾಜಕ ವೃತ್ತದ ಮೇಲಿಟ್ಟು ಎಷ್ಟು ಡಿಗ್ರಿ ಎಂದು ನೋಡಿ, 111ರಿಂದ ಗುಣಿಸಿ. ಉತ್ತರ 8,000 ಕಿಲೋಮೀಟರಿನ ಆಸುಪಾಸಿಗೆ ಬಂದರೆ ನಿಮ್ಮ ಅಳತೆ ಸರಿ. ಆಮೇಲೆ ಹೊತ್ತನ್ನು ಲೆಕ್ಕ ಹಾಕಿ. ಗಾಳಿಯನ್ನು ಮಾತ್ರ ಮರೆಯಬೇಡಿ.