ಅಟ್ಟದ ಮೇಲಿನ ಕಾಯಿ, ಜಾಮೀನಿನ ಸಹಿ



ಬೆಳ್ಳಿಹಬ್ಬದ ದಿನ ನಮ್ಮನ್ನು ನಾವೇ ಹೊಗಳಿಕೊಳ್ಳೋದು ವಾಡಿಕೆ. ಆ ಕೆಲಸ ವೇದಿಕೆ ಮೇಲಿರುವ ಹಿರಿಯರು ಚೆನ್ನಾಗಿಯೇ ಮಾಡಿದ್ದಾರೆ. ಉಳಿದದ್ದನ್ನು ನಾವು ಹೇಳ್ತೀವಿ.

ನಮ್ಮ ಹಂದನಕೆರೆ ಸೀಮೆಯಲ್ಲಿ "ತೋಟದಲ್ಲಿ ಎಷ್ಟು ಮರ ಇವೆ?" ಅಂದರೆ, ಕೇಳಿದವರು ಯಾರು ಅಂತ ಮೊದಲು ನೋಡ್ತೀವಿ. ಸಾಲದ ಅರ್ಜಿಯಲ್ಲಿ ಇನ್ನೂರು. ಬರ ಪರಿಹಾರ ಬರೆಯೋಕೆ ಬಂದವರಿಗೆ, ಅದರಲ್ಲಿ ನೂರು ಒಣಗಿ ನಿಂತಿವೆ. ಹೆಣ್ಣು ನೋಡೋಕೆ ಹೋದಾಗ ಅದೇ ತೋಟ ಮುನ್ನೂರಾಗಿ, ಬೋರಿನಲ್ಲಿ ಮೂರಿಂಚು ನೀರೂ ಬಿದ್ದಿರುತ್ತೆ!

ಕೊಬ್ಬರಿಯದೂ ಅಷ್ಟೆ. ಹತ್ತು ಹನ್ನೊಂದು ತಿಂಗಳು ಕಾಯಿ ಅಟ್ಟದ ಮೇಲೆ ಕೂತು, ನೀರು ಇಂಗಿ, ಒಳಗೆ ಕೊಬ್ಬರಿ ಅಲುಗಾಡಿ ಸದ್ದು ಮಾಡುವ ತನಕ ಕಾಯ್ತೀವಿ. ಆಮೇಲೆ ತಿಪಟೂರು ಮಾರ್ಕೆಟ್ಟಿಗೆ ಹೋಗಿ ಬಂದವನನ್ನು "ಏನ್ ರೇಟು ಹೋಯ್ತಣ್ಣ?" ಅಂತ ಕೇಳಿ ನೋಡಿ. ಒಳ್ಳೆ ರೇಟು ಸಿಕ್ಕಿದ್ದರೆ ಕಮ್ಮಿ ಹೇಳ್ತಾನೆ, ಕೈಸಾಲ ಕೇಳ್ತಾರೆ ಅಂತ. ಕಮ್ಮಿಗೆ ಕೊಟ್ಟಿದ್ದರೆ ಜಾಸ್ತಿ ಹೇಳ್ತಾನೆ, ನಗ್ತಾರೆ ಅಂತ. ನಿಜ ಗೊತ್ತಿರೋದು ಅವನಿಗೆ, ಮಂಡಿಯವರಿಗೆ. ಹೆಂಡತಿಗೂ ಗೊತ್ತಿರೋಲ್ಲ.

ಇದೆಲ್ಲ ನಗೋ ಮಾತು. ಜಾಮೀನಿನ ವಿಷಯ ಹಾಗಲ್ಲ.

ಸಂಬಂಧ ಮಾಡುವಾಗ ಏಳು ತಲೆಮಾರು ವಿಚಾರಿಸುವ ನಾವು, ಜಾಮೀನಿಗೆ ಸಹಿ ಹಾಕುವಾಗ ಅರ್ಧ ಲೋಟ ಟೀ ಮುಗಿಯುವುದರೊಳಗೆ ಹಾಕಿಬಿಡ್ತೀವಿ. ಸಾಲ ಕೇಳುವಾಗ "ಅಣ್ಣಾ, ನೀವೇ ದಿಕ್ಕು" ಅಂದವನು, ಕಂತಿನ ತಿಂಗಳು ಬಂದರೆ ಸಂಘದ ಮುಂದಿನ ರಸ್ತೆ ಬಿಟ್ಟು ಕೆರೆ ಏರಿ ಮೇಲೆ ಓಡಾಡ್ತಾನೆ. ನೋಟೀಸು ಮಾತ್ರ ದಾರಿ ತಪ್ಪದೆ ಜಾಮೀನುದಾರನ ಮನೆಗೆ ಬರುತ್ತೆ. ಅಲ್ಲಿಗೆ ಎರಡು ಮನೆ ಮಾತು ನಿಂತಿತು. ಎಷ್ಟೋ ಊರಲ್ಲಿ ಅಣ್ಣತಮ್ಮಂದಿರ ಬಾಯಿ ಕಟ್ಟಿರೋದು ಇಂಥ ಒಂದು ಸಹಿ.

1905ರಲ್ಲಿ ಗದಗದ ಹತ್ತಿರ ಕಣಗಿನಹಾಳದಲ್ಲಿ ಶಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದ ಕಾಲಕ್ಕೆ, 1904ರ ಕಾನೂನಿನಂತೆ ಹಳ್ಳಿ ಸಂಘಗಳಲ್ಲಿ ಸದಸ್ಯರ ಹೊಣೆಗೆ ಸಾಮಾನ್ಯವಾಗಿ ಮಿತಿಯೇ ಇರಲಿಲ್ಲ. ಸಂಘ ಮುಳುಗಿದರೆ ಸಾಲ ಮಾಡದವನ ಆಸ್ತಿಗೂ ಬರೋದು. ಹಂಗಾಗಿ ಪಕ್ಕದವನು ತಂದ ದುಡ್ಡು ಎತ್ತಿಗೆ ಹೋಯಿತೋ, ಮದುವೆ ಚಪ್ಪರಕ್ಕೆ ಹೋಯಿತೋ ಅಂತ ನೋಡಲೇಬೇಕಿತ್ತು. ಈಗ ಹೊಣೆ ಷೇರಿನ ಮಟ್ಟಿಗೆ ಇಳಿದಿದೆ. ಪಕ್ಕದವನ ಮನೆ ಕಡೆ ಈಗಲೂ ನೋಡ್ತೀವಿ. ನೋಡೋದು ಹೊಸ ಬೈಕನ್ನು.

ಇನ್ನು ಸಾಲ ಮನ್ನಾ. 1990ರ ಕೇಂದ್ರದ ಯೋಜನೆಯಲ್ಲಿ ಸುಸ್ತಿ ಸಾಲಕ್ಕೆ ಹತ್ತು ಸಾವಿರ ರೂಪಾಯಿವರೆಗೆ ಪರಿಹಾರ ಬಂತು. ಬರದಲ್ಲಿ ನಿಜವಾಗಿ ಸೋತವರು ಉಸಿರುಬಿಟ್ಟರು, ಅದು ಬೇಕಿತ್ತು. ಆದರೆ ಹೆಂಡತಿಯ ಸರ ಅಡವಿಟ್ಟು ವಾಯಿದೆಗೆ ಕಟ್ಟಿದ್ದವನಿಗೆ ಏನೂ ಸಿಗಲಿಲ್ಲ. ಅಂಥವನನ್ನು ಅರಳಿಕಟ್ಟೆ ಮೇಲೆ ಕೂತು "ಪೆದ್ದ" ಅಂದವರು ನಾವೇ. ಅವನು ಕಟ್ಟಿದ ದುಡ್ಡಿನಲ್ಲೇ ಮುಂದಿನ ವರ್ಷ ಗೊಬ್ಬರ ತಂದವರೂ ನಾವೇ. ಇಂಥ ಪೆದ್ದರು ಈ ಸಭೆಯಲ್ಲೂ ಇದ್ದಾರೆ, ಬಹಳಷ್ಟು ಜನ ಹಿಂದಿನ ಸಾಲಲ್ಲಿ ಕೂತಿದ್ದಾರೆ. ಅವರನ್ನು ಮುಂದಕ್ಕೆ ಕರೆದು ಹಾರ ಹಾಕಿಸಬೇಕು ಅಂತ ಅಧ್ಯಕ್ಷರಲ್ಲಿ ನಮ್ಮ ಅರಿಕೆ.

ಅದಾದ ಮೇಲೆ ಜಮಾಖರ್ಚು ಓದೋದಿದೆ. ಪ್ರತಿವರ್ಷದಂತೆ "ಓದಿದ್ದೆಂದು ಭಾವಿಸಿ" ಅಂತ ಯಾರೂ ಕೂಗಬೇಡಿ. ಪಾಯಸ ಇನ್ನೂ ಒಲೆ ಮೇಲಿದೆ, ಅಡುಗೆ ಭಟ್ಟರನ್ನು ಕೇಳಿಕೊಂಡೇ ಬಂದಿದ್ದೀವಿ.