ಖಾಲಿ ಬ್ರಾಕೆಟ್ ಎಂದರೆ ‘ಇಲ್ಲ’ವೋ, ‘ಹೇಳಿಲ್ಲ’ವೋ?
(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಉರ್ದು, ಕನ್ನಡ ಕಲಿಸುವ ಮೇಷ್ಟ್ರು ಕಂಪ್ಯೂಟರಿನ ಸಿ ಭಾಷೆಯ ಬಗ್ಗೆ ಏನು ಹೇಳಿಯಾರು ಎಂದು ಹಿಂದಿನ ಸಾಲಿನವರು ನಗುತ್ತಿದ್ದೀರಿ. ನಗಿ, ಪರವಾಗಿಲ್ಲ. ಇದೂ ವ್ಯಾಕರಣದ ವಿಷಯವೇ.

ಕೆ.ಜಿ.ಎಫ್.ನಲ್ಲಿ 2001ರಲ್ಲಿ ಗಣಿ ಮುಚ್ಚಿದ ಮೇಲೆ ಮಾರಿಕುಪ್ಪಂ ರೈಲು ಹತ್ತಿ, ಬಂಗಾರಪೇಟೆ ದಾಟಿ, ಬೆಂಗಳೂರಿಗೆ ಹೋಗಿಬರುವುದೇ ನಮ್ಮ ಅನೇಕ ಮನೆಗಳ ಜೀವನವಾಯಿತು. ಆ ರೈಲಿನಲ್ಲಿ ಓಡಾಡುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಈಚೆಗೆ ಅಣ್ಣನ ಪುಸ್ತಕ ಹಿಡಿದು ಬಂದಳು. ಉರ್ದು ಮಾಧ್ಯಮದಲ್ಲಿ ಓದಿದವಳು. “ಸರ್, ಅಣ್ಣನ ಕಾಲದ ಟರ್ಬೊ ಸಿಯಲ್ಲಿ ಓಡುತ್ತಿದ್ದ ಪ್ರೋಗ್ರಾಂ ನನ್ನ ಲ್ಯಾಪ್‌ಟಾಪಿನಲ್ಲಿ ತಪ್ಪು ಅನ್ನುತ್ತೆ. ನಾಡಿದ್ದು ಇಂಟರ್‌ವ್ಯೂ. ಈ ಇಂಗ್ಲಿಷನ್ನ ಬಿಡಿಸಿ ಹೇಳಿ” ಎಂದಳು. ಇಬ್ಬರೂ ಕೂತು ಓದಿದೆವು.

‘ನಗು’ ಅಕರ್ಮಕ, ‘ಕೊಡು’ ಸಕರ್ಮಕ. ಉರ್ದುವಿನಲ್ಲಿ ಲಾಜಿಮ್, ಮುತಅದ್ದಿ. ‘ಕೊಟ್ಟನು’ ಎಂದಷ್ಟೇ ಹೇಳಿದರೆ ಏನನ್ನು, ಯಾರಿಗೆ ಎಂದು ಕೇಳುತ್ತೇವೆ. ಸಿ ಭಾಷೆಯ ಫಂಕ್ಷನ್ ಒಂದು ಕ್ರಿಯಾಪದವಿದ್ದಂತೆ. ಬ್ರಾಕೆಟ್ಟಿನೊಳಗಿನ ಪ್ಯಾರಾಮೀಟರುಗಳು ಅದು ಬೇಡುವ ಪದಗಳು. ಅವನ್ನು ಮೊದಲೇ ತಿಳಿಸುವುದು ಡಿಕ್ಲರೇಷನ್.

1978ರಲ್ಲಿ ಕೆರ್ನಿಘನ್ ಮತ್ತು ರಿಚ್ಚಿ ಬರೆದ ಪುಸ್ತಕದ ಕಾಲಕ್ಕೆ, ಯಾವ ಬಗೆಯ ಉತ್ತರ ಬರುತ್ತದೆ ಎಂದಷ್ಟೇ ಡಿಕ್ಲರೇಷನ್ ಹೇಳುತ್ತಿತ್ತು. ಖಾಲಿ ಬ್ರಾಕೆಟ್ ಎಂದರೆ ‘ಏನೂ ಬೇಡ’ ಎಂದಲ್ಲ, ‘ಏನು ಬೇಕೆಂದು ಹೇಳಿಲ್ಲ’ ಎಂದು. 1989ರ ಆನ್ಸಿ ನಿಯಮ, ಸಿ ಪ್ಲಸ್ ಪ್ಲಸ್‌ನಿಂದ ಪ್ರೊಟೊಟೈಪ್ ಪದ್ಧತಿಯನ್ನು ತಂದಿತು: ಬ್ರಾಕೆಟ್ಟಿನಲ್ಲಿ ಬಗೆಗಳನ್ನು ಬರೆಯಿರಿ, ಏನೂ ಬೇಡವಾದರೆ ‘ವಾಯ್ಡ್’ ಎನ್ನಿ. ಹಳೆಯ ಪ್ರೋಗ್ರಾಂಗಳು ಕೆಡಬಾರದೆಂದು ಖಾಲಿ ಬ್ರಾಕೆಟ್ಟಿನ ಹಳೆಯ ಅರ್ಥವನ್ನು ಹಾಗೆಯೇ ಬಿಟ್ಟರು. ಡಿಕ್ಲರೇಷನ್ ಇಲ್ಲದೆ ಫಂಕ್ಷನ್ ಕರೆಯುವುದನ್ನು 1999ರಲ್ಲಿ ತೆಗೆದರು. 2024ರಲ್ಲಿ ಪ್ರಕಟವಾದ ಸಿ23 ನಿಯಮದಲ್ಲಿ ಖಾಲಿ ಬ್ರಾಕೆಟ್ ಎಂದರೆ ‘ಇಲ್ಲ’ ಎಂದೇ ಅರ್ಥ. ಜಿಸಿಸಿ ಕಂಪೈಲರ್ 2025ರ 15ನೇ ಆವೃತ್ತಿಯಿಂದ, ಬೇರೆ ಹೇಳದಿದ್ದರೆ, ಈ ನಿಯಮವನ್ನೇ ಹಿಡಿಯುತ್ತದೆ.

ಹುಡುಗಿಯ ಪುಸ್ತಕದಲ್ಲಿ ಮೇಲೆ ‘ಡಬಲ್ ಸರಾಸರಿ()’ ಎಂದಿತ್ತು. ಕೆಳಗಿನ ಫಂಕ್ಷನ್ ಎರಡು ದಶಮಾಂಶ ಸಂಖ್ಯೆ ಬೇಡುತ್ತಿತ್ತು. ಹೊಸ ಕಂಪೈಲರಿಗೆ ಇವೆರಡೂ ತಾಳೆಯಾಗಲಿಲ್ಲ. ಹಳೆಯದು ಒಪ್ಪುತ್ತಿತ್ತು, ನಿಜ. ಆದರೆ ಅಲ್ಲಿ 35, 40 ಎಂದು ಪೂರ್ಣಾಂಕ ಕೊಟ್ಟಿದ್ದರೆ ಅವು ಪೂರ್ಣಾಂಕವಾಗಿಯೇ ಹೋಗಿ, ಫಂಕ್ಷನ್ ಅವನ್ನು ದಶಮಾಂಶವೆಂದು ಓದಿ, ಏನೋ ಒಂದು ಉತ್ತರ ಬರುತ್ತಿತ್ತು. ಅಂಕಪಟ್ಟಿಯಲ್ಲಿ ಹಾಗಾದರೆ ಮಗುವಿನ ಗತಿಯೇನು? ಸುಮ್ಮನೆ ತಪ್ಪು ಲೆಕ್ಕ ಕೊಡುವುದಕ್ಕಿಂತ ಗದರಿಸುವ ಕಂಪೈಲರೇ ಮೇಲು ಎಂದು ನನ್ನ ಅಭಿಪ್ರಾಯ. ‘ಡಬಲ್ ಸರಾಸರಿ(ಡಬಲ್, ಡಬಲ್)’ ಎಂದು ತಿದ್ದಿದೆವು. ಈಗ 35 ಕೊಟ್ಟರೂ ಕಂಪೈಲರೇ 35.0 ಮಾಡಿ ಕಳಿಸುತ್ತದೆ.

ಸದಸ್ಯರಲ್ಲಿ ಒಂದು ವಿನಂತಿ. ಮಕ್ಕಳಿಗೆಂದು ಹಳೆಯ ಸಿ ಪುಸ್ತಕ ಕೊಡುವಾಗ ಫಂಕ್ಷನ್ ಅಧ್ಯಾಯ ತೆರೆದು ನೋಡಿ. ಡಿಕ್ಲರೇಷನ್ನಿನ ಬ್ರಾಕೆಟ್ಟುಗಳೆಲ್ಲ ಖಾಲಿಯಿದ್ದರೆ ಮೊದಲ ಪುಟದಲ್ಲಿ ‘ಹಳೆಯ ನಿಯಮ’ ಎಂದು ಬರೆದು ಕೊಡಿ. ಇಷ್ಟು ಹೇಳಿ ವಿರಮಿಸುತ್ತೇನೆ.